ಕಬ್ಬಿಣದ ಅದಿರಿನ ಬ್ರಿಕೆಟ್ ಒಡೆಯುತ್ತಿದ್ದರೆ: ದೋಷ ಪತ್ತೆ ಮತ್ತು ನಿವಾರಣೆ

ಬಳ್ಳಾರಿ, ಸಂಡೂರು, ಹೊಸಪೇಟೆ ಭಾಗದ ಗಣಿಗಳಲ್ಲಿ ಅದಿರನ್ನು ಒಡೆದು ಜರಡಿ ಹಿಡಿದಾಗ ಗಟ್ಟಿ ಅದಿರಿನ ಜೊತೆಗೆ 10 ಮಿಲಿಮೀಟರಿಗಿಂತ ಸಣ್ಣದಾದ ಪುಡಿಯೂ ದೊಡ್ಡ ಪ್ರಮಾಣದಲ್ಲಿ ಬರುತ್ತದೆ. ವ್ಯವಹಾರದಲ್ಲಿ ಎಲ್ಲರೂ ಇದನ್ನು ಫೈನ್ಸ್ ಎಂದೇ ಕರೆಯುತ್ತಾರೆ. ಇದನ್ನು ಹಾಗೆಯೇ ಊದುಕುಲುಮೆಗೆ ಸುರಿದರೆ ಅನಿಲ ಮೇಲೇರುವ ದಾರಿ ಕಟ್ಟಿಕೊಳ್ಳುತ್ತದೆ. ಅದಿರನ್ನು ಕರಗಿಸದೆಯೇ ಕಬ್ಬಿಣವಾಗಿಸುವ ಸ್ಪಾಂಜ್ ಐರನ್ ಕಿಲ್ನ್‌ಗೆ ಹಾಕಿದರೆ ಒಳಗೋಡೆಗೆ ಅಂಟಿಕೊಂಡು ಉಂಗುರದಂತೆ ಬೆಳೆಯುತ್ತದೆ. ದೊಡ್ಡ ಉಕ್ಕಿನ ಕಾರ್ಖಾನೆಗಳು ಈ ಪುಡಿಯನ್ನು ಸಿಂಟರ್ ಮಾಡುತ್ತವೆ (ಕಾಯಿಸಿ ಗಟ್ಟಿ ತುಂಡುಗಳಾಗಿ ಬೆಸೆಯುತ್ತವೆ), ಇಲ್ಲವೇ ಇನ್ನೂ ನುಣ್ಣಗೆ ಅರೆದು ಪೆಲೆಟ್ ಎಂಬ ಸಣ್ಣ ಉಂಡೆಗಳನ್ನು ಮಾಡುತ್ತವೆ. ಅಷ್ಟು ಬಂಡವಾಳ ಹೂಡಲಾಗದ ಸಣ್ಣ ಘಟಕಗಳಿಗೆ ಉಳಿಯುವ ದಾರಿಯೆಂದರೆ ಬಂಧಕ ಬೆರೆಸಿ, ಎರಡು ರೋಲರ್‌ಗಳ ನಡುವೆ ಒತ್ತಿ, ತಣ್ಣಗೇ ಗಟ್ಟಿಯಾಗಿಸುವ ಬ್ರಿಕೆಟ್.

ಈ ಕೈಪಿಡಿ ಮುಖ್ಯವಾಗಿ ಕಾಕಂಬಿ (ಸಕ್ಕರೆ ತಯಾರಿಕೆಯಲ್ಲಿ ಉಳಿಯುವ ದಪ್ಪ ಪಾಕ) ಮತ್ತು ಅರಳಿದ ಸುಣ್ಣವನ್ನು ಬಂಧಕವಾಗಿ ಬಳಸಿ, ರೋಲರ್ ಪ್ರೆಸ್‌ನಲ್ಲಿ ದಿಂಬಿನಾಕಾರದ ಬ್ರಿಕೆಟ್ ಮಾಡುವ ಘಟಕಗಳಿಗೆ ಸಂಬಂಧಿಸಿದೆ. ಸಿಮೆಂಟ್ ಬಳಸುವವರಿಗೆ ಅನ್ವಯಿಸುವ ಮಾತುಗಳನ್ನು ಆಯಾ ಸ್ಥಳದಲ್ಲಿ ಹೇಳಲಾಗಿದೆ.

ಬ್ರಿಕೆಟ್ ಒಡೆಯಲು ಶುರುವಾದ ಕೂಡಲೇ ಬಹುತೇಕ ಘಟಕಗಳಲ್ಲಿ ಆಗುವ ಮೊದಲ ಕೆಲಸವೆಂದರೆ ಹೈಡ್ರಾಲಿಕ್ ಒತ್ತಡ ಏರಿಸುವುದು. ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ. ದೋಷ ಪ್ರೆಸ್ಸಿನ ಬಾಯಲ್ಲಿ ಕಾಣಿಸಿಕೊಂಡರೂ ಅದರ ಮೂಲ ಹೆಚ್ಚಿನ ಸಂದರ್ಭಗಳಲ್ಲಿ ಪ್ರೆಸ್ಸಿಗಿಂತ ಹಿಂದೆ, ಅಂದರೆ ಅದಿರಿನ ರಾಶಿಯಲ್ಲಿ, ಸುಣ್ಣದ ಚೀಲದಲ್ಲಿ ಅಥವಾ ಮಿಕ್ಸರ್‌ನಲ್ಲಿ ಇರುತ್ತದೆ. ಒತ್ತಡ ಏರಿಸಿದರೆ ಆ ಮೂಲ ಕೆಲವು ಗಂಟೆ ಮರೆಯಾಗುತ್ತದೆ ಅಷ್ಟೇ. ಜೊತೆಗೆ ಬ್ರಿಕೆಟ್ಟಿಗೆ ಆಕಾರ ಕೊಡುವ ರೋಲರ್ ಗುಳಿಗಳು ಬೇಗ ಸವೆಯುತ್ತವೆ, ಒಮ್ಮೊಮ್ಮೆ ಬ್ರಿಕೆಟ್ ಮೊದಲಿಗಿಂತ ಹೆಚ್ಚು ಸೀಳುತ್ತದೆ. ಆದ್ದರಿಂದ ಬ್ರಿಕೆಟ್ ಎಲ್ಲಿ, ಯಾವಾಗ, ಹೇಗೆ ಒಡೆಯುತ್ತಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳುವವರೆಗೆ ಯಾವ ವಾಲ್ವನ್ನೂ ತಿರುಗಿಸಬಾರದು.

ಮೊದಲು ಅಳತೆ

ಬ್ರಿಕೆಟ್ ಕೆಟ್ಟಿದೆ ಎಂಬುದು ಅಳತೆಯಲ್ಲ. ಪ್ರೆಸ್ಸಿನಿಂದ ಆಗತಾನೇ ಬಂದ ಹಸಿ ಬ್ರಿಕೆಟ್, 24 ಗಂಟೆ ಆರಿದ ಬ್ರಿಕೆಟ್, ಲಾರಿಗೆ ತುಂಬುವ ಮುನ್ನಿನ ಬ್ರಿಕೆಟ್ ಎಂದು ಮೂರು ಹಂತಗಳಲ್ಲಿ ಮಾದರಿ ತೆಗೆದು, ಪ್ರತಿ ಸಲವೂ ಅದೇ ಎತ್ತರದಿಂದ, ಅದೇ ಉಕ್ಕಿನ ತಟ್ಟೆಯ ಮೇಲೆ, ಅಷ್ಟೇ ಸಲ ಬೀಳಿಸಿ, ಜರಡಿಯ ಮೇಲೆ ಉಳಿದ ತೂಕದ ಶೇಕಡಾವಾರು ಬರೆದುಕೊಳ್ಳಬೇಕು. ಎರಡು ಮೀಟರ್ ಎತ್ತರ ರೂಢಿಯಲ್ಲಿದೆ. ಎತ್ತರ ಎಷ್ಟೆನ್ನುವುದಕ್ಕಿಂತ ಅದು ದಿನದಿಂದ ದಿನಕ್ಕೆ ಬದಲಾಗದಿರುವುದು ಮುಖ್ಯ. ಒಬ್ಬರು ಎದೆಮಟ್ಟದಿಂದ, ಇನ್ನೊಬ್ಬರು ತಲೆಮಟ್ಟದಿಂದ ಬೀಳಿಸಿದ ಫಲಿತಾಂಶಗಳನ್ನು ಹೋಲಿಸಿ ಯಾವ ತೀರ್ಮಾನಕ್ಕೂ ಬರಲಾಗದು. ಕೊಳ್ಳುವವರ ಜೊತೆ ವಿವಾದ ಬಂದಾಗ ಮಾತ್ರ ಐಎಸ್‌ಒ 3271ರ ಡ್ರಮ್ ಪರೀಕ್ಷೆ ಬೇಕಾಗುತ್ತದೆ. ಅದರಲ್ಲಿ 15 ಕಿಲೋ ಮಾದರಿಯನ್ನು ನಿಮಿಷಕ್ಕೆ 25ರಂತೆ 200 ಸುತ್ತು ತಿರುಗಿಸಿ, 6.3 ಮಿಲಿಮೀಟರ್ ಜರಡಿಯ ಮೇಲೆ ಉಳಿದದ್ದನ್ನೂ 0.5 ಮಿಲಿಮೀಟರ್ ಜರಡಿಯಿಂದ ಇಳಿದದ್ದನ್ನೂ ತೂಗುತ್ತಾರೆ.

ಈ ಮೂರು ಹಂತದ ಅಂಕಿಗಳೇ ಅರ್ಧ ರೋಗವನ್ನು ಹೇಳಿಬಿಡುತ್ತವೆ. ಹಸಿಯಲ್ಲೇ ದುರ್ಬಲವಾಗಿದ್ದರೆ ಅದಿರಿನ ಕಣಗಾತ್ರ, ತೇವಾಂಶ ಅಥವಾ ಪ್ರೆಸ್ ಕಡೆ ನೋಡಬೇಕು. ಹಸಿಯಲ್ಲಿ ಚೆನ್ನಾಗಿದ್ದು ಮರುದಿನ ದುರ್ಬಲವಾದರೆ ಸುಣ್ಣ, ಕಾಕಂಬಿ ಅಥವಾ ಆರಿಸುವ ಕ್ರಮದ ಕಡೆ ನೋಡಬೇಕು. ಮೂರೂ ಹಂತದಲ್ಲಿ ಗಟ್ಟಿಯಾಗಿದ್ದು ಕುಲುಮೆಯಲ್ಲಿ ಪುಡಿಯಾದರೆ ಅದು ಬೇರೆಯೇ ಸಮಸ್ಯೆ. ಅಂಗಳದಲ್ಲಿ ಎಷ್ಟು ಒದ್ದಾಡಿದರೂ ಅದು ಬಗೆಹರಿಯದು.

ಪ್ರೆಸ್ಸಿನ ಬಾಯಲ್ಲೇ ಒಡೆಯುವುದು

ಒಡೆದ ಬ್ರಿಕೆಟ್ಟನ್ನು ಕೈಗೆತ್ತಿಕೊಂಡು ಒಡೆದ ಮುಖವನ್ನು ಬೆಳಕಿಗೆ ಹಿಡಿದು ನೋಡಬೇಕು. ಬ್ರಿಕೆಟ್ ನಡುಸೀಳಿನಲ್ಲಿ ಎರಡು ಹೋಳಾಗಿ, ಕಪ್ಪೆಚಿಪ್ಪು ಬಾಯ್ದೆರೆದಂತೆ ಬಿಚ್ಚಿಕೊಳ್ಳುವುದು ಅತಿ ಸಾಮಾನ್ಯ ದೋಷ. ಹೊರನೋಟಕ್ಕೆ ಒಂದೇ ಎನಿಸಿದರೂ ಇದಕ್ಕೆ ಕನಿಷ್ಠ ನಾಲ್ಕು ಕಾರಣಗಳಿವೆ, ಮತ್ತು ಒಂದಕ್ಕೆ ಮದ್ದಾಗುವುದು ಇನ್ನೊಂದಕ್ಕೆ ವಿಷವಾಗುತ್ತದೆ.

ಸೀಳಿದ ಮುಖ ಹೊಳಪಾಗಿ, ಒದ್ದೆಯಾಗಿ ಕಂಡು, ಅರ್ಧ ಹೋಳು ರೋಲರ್ ಗುಳಿಯಲ್ಲೇ ಅಂಟಿಕೊಂಡು ಉಳಿಯುತ್ತಿದ್ದರೆ ಮಿಶ್ರಣದಲ್ಲಿ ನೀರು ಹೆಚ್ಚಾಗಿದೆ ಎಂದರ್ಥ. ನೀರನ್ನು ಒತ್ತಿ ಕುಗ್ಗಿಸಲಾಗದು. ಕಣಗಳ ನಡುವಿನ ಸಂದುಗಳು ನೀರಿನಿಂದ ತುಂಬಿಹೋದ ಮೇಲೆ ಎಷ್ಟು ಒತ್ತಿದರೂ ಕಣಗಳು ಹತ್ತಿರ ಬರುವುದಿಲ್ಲ. ಇಲ್ಲಿ ಲೆಕ್ಕ ತಪ್ಪುವುದು ಹೀಗೆ: ಅದಿರಿನ ತೇವಾಂಶ ಶೇ 6 ಎಂದು ಪ್ರಯೋಗಾಲಯ ಹೇಳುತ್ತದೆ, ಮಿಶ್ರಣಕ್ಕೂ ಶೇ 6 ಎಂದೇ ಹಿಡಿಯುತ್ತಾರೆ. ಆದರೆ ಕಾಕಂಬಿಯಲ್ಲೇ ಸುಮಾರು ಐದನೇ ಒಂದು ಪಾಲು ನೀರಿರುತ್ತದೆ. ಶೇ 6ರಷ್ಟು ಕಾಕಂಬಿ ಹಾಕಿದರೆ ಅದರ ಜೊತೆ ಶೇ 1.2ರಷ್ಟು ನೀರೂ ಬಂತು. ಸುಲಭವಾಗಿ ಹರಿಯಲಿ ಎಂದು ಕಾಕಂಬಿಗೆ ನೀರು ಬೆರೆಸಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ತೇವಾಂಶ ಅಳೆಯಬೇಕಾದದ್ದು ಪ್ರೆಸ್ಸಿನ ಹಾಪರ್‌ಗೆ ಬೀಳುವ ಮಿಶ್ರಣದಲ್ಲಿ. ಮಾದರಿಯನ್ನು 105 ಡಿಗ್ರಿಯ ಓವನ್‌ನಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ ನೋಡಿದರೆ ಸಾಕು. ಕಾಕಂಬಿ ಗಟ್ಟಿಯಾಗಿ ಹರಿಯದಿದ್ದರೆ ನೀರು ಹಾಕುವ ಬದಲು ಸುಮಾರು 40 ಡಿಗ್ರಿಗೆ ಬೆಚ್ಚಗೆ ಮಾಡುವುದು ಮೇಲು. 60 ಡಿಗ್ರಿ ದಾಟಿಸಬಾರದು, ಸಕ್ಕರೆ ಕೆಡುತ್ತದೆ.

ಸೀಳಿದ ಮುಖ ಮಂಕಾಗಿ, ಒಣಗಿ, ಪದರ ಪದರವಾಗಿ ಕಂಡರೆ ಒಳಗೆ ಗಾಳಿ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ತೀರ ನುಣುಪಾದ ಪುಡಿಯನ್ನು ವೇಗವಾಗಿ ಒತ್ತಿದಾಗ ಗಾಳಿಗೆ ಹೊರಹೋಗಲು ಸಮಯ ಸಿಗುವುದಿಲ್ಲ. ರೋಲರ್ ಹಿಡಿತ ಬಿಟ್ಟ ಕ್ಷಣ ಅದು ಹಿಗ್ಗಿ ಬ್ರಿಕೆಟ್ಟನ್ನು ಸೀಳುತ್ತದೆ. ಖಚಿತಪಡಿಸಿಕೊಳ್ಳುವ ವಿಧಾನ ಸುಲಭ. ಬೇರೇನನ್ನೂ ಮುಟ್ಟದೆ ರೋಲರ್ ವೇಗವನ್ನು ಮೂರನೇ ಒಂದು ಭಾಗದಷ್ಟು ತಗ್ಗಿಸಿ ನೋಡಬೇಕು. ಸೀಳುವುದು ಎದ್ದು ಕಾಣುವಷ್ಟು ಕಡಿಮೆಯಾದರೆ ಕಾರಣ ಗಾಳಿಯೇ. ಶಾಶ್ವತ ಪರಿಹಾರವೆಂದರೆ ಫೀಡ್ ಸ್ಕ್ರೂ ಹಾಪರ್‌ನಲ್ಲೇ ಮಿಶ್ರಣವನ್ನು ಸ್ವಲ್ಪ ಬಿಗಿ ಮಾಡುವಂತೆ ನೋಡಿಕೊಳ್ಳುವುದು ಮತ್ತು ಪುಡಿಗೆ ಒಂದಷ್ಟು ದಪ್ಪ ಕಣ ಸೇರಿಸುವುದು.

ಬ್ರಿಕೆಟ್ ಪ್ರೆಸ್ಸಿನಿಂದ ಇಡಿಯಾಗಿ ಹೊರಬಂದು, ಬೆಲ್ಟ್ ಮೇಲೆ ಒಂದೆರಡು ನಿಮಿಷ ಕಳೆದ ಮೇಲೆ ತಾನಾಗಿಯೇ ಬಾಯಿ ಬಿಟ್ಟರೆ ಒತ್ತಡ ಮಿತಿಮೀರಿದೆ ಎಂದು ಶಂಕಿಸಬೇಕು. ಬಿಗಿಯಾಗಿ ಒತ್ತಿದ ಕಣಗಳು ಮತ್ತೆ ಹಿಗ್ಗಲು ಯತ್ನಿಸುತ್ತವೆ. ಇನ್ನೂ ಹಸಿಯಾಗಿರುವ ಬಂಧಕಕ್ಕೆ ಅದನ್ನು ತಡೆಯುವ ಶಕ್ತಿ ಇರುವುದಿಲ್ಲ. ಒತ್ತಡ ಏರಿಸಿದ ದಿನದಿಂದಲೇ ಈ ದೋಷ ಶುರುವಾಗಿದೆಯೇ ಎಂದು ಪಾಳಿಯ ದಾಖಲೆ ಪುಸ್ತಕ ನೋಡಿದರೆ ಎಷ್ಟೋ ಸಲ ಅಲ್ಲೇ ಉತ್ತರ ಸಿಗುತ್ತದೆ.

ನಾಲ್ಕನೆಯದು ಗುಳಿಗಳ ಹೊಂದಾಣಿಕೆ ತಪ್ಪಿರುವುದು. ಒಡೆಯದೆ ಉಳಿದ ಬ್ರಿಕೆಟ್ಟಿನ ನಡುಗೆರೆಯ ಮೇಲೆ ಉಗುರು ಎಳೆದು ನೋಡಿದರೆ ಮೆಟ್ಟಿಲು ತಾಕುತ್ತದೆ. ಆ ಮೆಟ್ಟಿಲು ರೋಲರ್ ತಿರುಗುವ ದಿಕ್ಕಿನಲ್ಲಿದ್ದರೆ ಎರಡು ರೋಲರ್‌ಗಳ ಗೇರ್ ಅಥವಾ ಕಪ್ಲಿಂಗ್ ಹೊಂದಾಣಿಕೆ ಜಾರಿದೆ. ಅಡ್ಡ ದಿಕ್ಕಿನಲ್ಲಿದ್ದರೆ ಶಾಫ್ಟ್ ಅಕ್ಷದ ಉದ್ದಕ್ಕೆ ಸರಿದಿದೆ. ಈ ಎರಡರಲ್ಲಿ ಯಾವುದಿದ್ದರೂ ಬಂಧಕ ಹೆಚ್ಚಿಸಿ ಪ್ರಯೋಜನವಿಲ್ಲ. ಯಂತ್ರ ನಿಲ್ಲಿಸಿ ಸರಿಪಡಿಸಲೇಬೇಕು.

ಇದೇ ಸಂದರ್ಭದಲ್ಲಿ ರೋಲರ್‌ನ ಎಡ ತುದಿಯಿಂದಲೂ ಬಲ ತುದಿಯಿಂದಲೂ ಕೆಲವು ಬ್ರಿಕೆಟ್ ತೆಗೆದು ವರ್ನಿಯರ್‌ನಲ್ಲಿ ದಪ್ಪ ಅಳೆಯುವುದು ಒಳ್ಳೆಯದು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಎಂದು ಕಂಡುಬಂದರೆ ಹಾಪರ್‌ನಲ್ಲಿ ಮಿಶ್ರಣ ಒಂದೇ ಬದಿಗೆ ಬೀಳುತ್ತಿದೆ, ಅದರಿಂದ ಚಲಿಸುವ ರೋಲರ್ ಓರೆಯಾಗುತ್ತಿದೆ. ಒತ್ತಡದ ಗೇಜಿನ ಮುಳ್ಳು ಒಂದೇ ಸಮನೆ ಜಿಗಿದಾಡುತ್ತಿದ್ದರೆ ಅಕ್ಯುಮುಲೇಟರ್‌ನಲ್ಲಿ ಸಾರಜನಕ ಇಳಿದಿರಬಹುದು. ಅದು ಈ ವ್ಯವಸ್ಥೆಯ ಸ್ಪ್ರಿಂಗ್. ಅದಿಲ್ಲದಿದ್ದರೆ ಹಾಪರ್‌ನಿಂದ ಬರುವ ಪ್ರತಿ ಏರುಪೇರೂ ನೇರವಾಗಿ ಬ್ರಿಕೆಟ್ಟಿಗೆ ಬಡಿಯುತ್ತದೆ.

ಅಂಚುಗಳಲ್ಲಿ ದಪ್ಪ ಪಟ್ಟಿ ಬೆಳೆದು, ಅದು ಮುರಿದು ಪುಡಿ ಹೆಚ್ಚುತ್ತಿದ್ದರೆ, ಮತ್ತು ಈ ಏರಿಕೆ ಒಂದೇ ದಿನದಲ್ಲಾಗದೆ ವಾರಗಟ್ಟಲೆ ನಿಧಾನವಾಗಿ ಆಗಿದ್ದರೆ, ಅದು ಗುಳಿಗಳ ಸವೆತ. ಈ ಅದಿರಿನ ಮುಖ್ಯ ಖನಿಜವಾದ ಹೆಮಟೈಟ್ (ಕಬ್ಬಿಣದ ಆಕ್ಸೈಡ್) ರೋಲರನ್ನು ಸವೆಸುತ್ತದೆ. ಸಿಲಿಕಾ ಹೆಚ್ಚಿರುವ ಅದಿರು ಬಂದರೆ ಸವೆತ ಇನ್ನೂ ಬೇಗ.

ಅದಿರು ಬದಲಾದದ್ದೇ ಕಾರಣವೇ?

ಬಹಳಷ್ಟು ಘಟಕಗಳಲ್ಲಿ ಮಿಶ್ರಣದ ಸೂತ್ರ ಗೋಡೆಯ ಮೇಲೆ ಬರೆದಿರುತ್ತದೆ, ಅದಿರು ಮಾತ್ರ ಲಾರಿಯಿಂದ ಲಾರಿಗೆ ಬದಲಾಗುತ್ತಿರುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ನೀಡಿದ ನಂತರ ಅದಿರು ಇ-ಹರಾಜಿನ ಮೂಲಕ ಬರತೊಡಗಿತು. ಒಂದೇ ಗಣಿಯ ಅದಿರನ್ನೇ ನಂಬಿ ಕೂರುವ ಕಾಲ ಅಲ್ಲಿಗೆ ಮುಗಿಯಿತು ಎನ್ನಬಹುದು. ಆದರೂ ಸೂತ್ರವನ್ನು ಅದಿರಿಗೆ ತಕ್ಕಂತೆ ಬದಲಿಸುವ ಅಭ್ಯಾಸ ಎಲ್ಲೆಡೆ ಬಂದಿಲ್ಲ.

ಈ ಭಾಗದಲ್ಲಿ ಸಿಗುವ ಪುಡಿಯಲ್ಲಿ ಸ್ವಭಾವತಃ ವಿರುದ್ಧವಾದ ಎರಡು ಬಗೆಗಳಿವೆ. ಒಂದು ಬ್ಲೂ ಡಸ್ಟ್: ಗಣಿಯಲ್ಲೇ ಸಡಿಲ ಪುಡಿಯಾಗಿ ಸಿಗುವ, ಕಬ್ಬಿಣದ ಅಂಶ ಹೆಚ್ಚಿರುವ ಹೆಮಟೈಟ್. ಇದರಲ್ಲಿ ಜೇಡಿ ಅತಿ ಕಡಿಮೆ. ಕೈಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಜಾರಿಹೋಗುತ್ತದೆ. ಇನ್ನೊಂದು ಜಂಬಿಟ್ಟಿಗೆಯ ಸ್ವಭಾವದ, ಗೋಥೈಟ್ (ನೀರು ಸೇರಿದ ಕಬ್ಬಿಣದ ಆಕ್ಸೈಡ್) ಮತ್ತು ಜೇಡಿ ಬೆರೆತ ಪುಡಿ. ಇದರಲ್ಲಿ ಅಲ್ಯುಮಿನಾ ಹೆಚ್ಚು. ಕಣಗಳು ರಂಧ್ರಮಯವಾಗಿರುವುದರಿಂದ ನೀರನ್ನೂ ಕಾಕಂಬಿಯನ್ನೂ ಹೀರಿಕೊಳ್ಳುತ್ತವೆ. ಬ್ಲೂ ಡಸ್ಟಿಗೆ ಸರಿಹೊಂದಿಸಿದ ಸೂತ್ರದಲ್ಲಿ ಎರಡನೆಯದನ್ನು ಒತ್ತಿದರೆ ಬಂಧಕವೆಲ್ಲ ಕಣದೊಳಗೆ ಇಂಗಿ, ಕಣಗಳ ನಡುವೆ ಏನೂ ಉಳಿಯದೆ, ಬ್ರಿಕೆಟ್ ಬೆರಳಿನಿಂದ ಉಜ್ಜಿದರೂ ಉದುರುತ್ತದೆ. ಎರಡನೆಯದಕ್ಕೆ ಸರಿಹೊಂದಿಸಿದ ಸೂತ್ರದಲ್ಲಿ ಬ್ಲೂ ಡಸ್ಟ್ ಒತ್ತಿದರೆ ಮಿಶ್ರಣ ಕೆಸರಾಗಿ ಗುಳಿಗೆ ಮೆತ್ತಿಕೊಳ್ಳುತ್ತದೆ.

ಪ್ರಯೋಗಾಲಯದ ವರದಿಗೆ ಕಾಯದೆ ಗೇಟಿನಲ್ಲೇ ಗುರುತಿಸಬಹುದು. ಗಾಜಿನ ಲೋಟದಲ್ಲಿ ಒಂದು ಹಿಡಿ ಪುಡಿ ಹಾಕಿ, ನೀರು ತುಂಬಿ, ಚೆನ್ನಾಗಿ ಕಲಕಿ ಇಡಬೇಕು. ಬ್ಲೂ ಡಸ್ಟ್ ಬೇಗನೆ ತಳ ಸೇರುತ್ತದೆ, ಮೇಲಿನ ನೀರು ಬಹುಮಟ್ಟಿಗೆ ತಿಳಿಯಾಗುತ್ತದೆ. ಜೇಡಿ ಬೆರೆತ ಪುಡಿಯಲ್ಲಿ ಗಂಟೆ ಕಳೆದರೂ ನೀರು ಕೆಂಪಾಗಿಯೇ ನಿಂತಿರುತ್ತದೆ, ತಳದಲ್ಲಿ ಕೂತ ಮರಳಿನಂಥ ಪದರದ ಮೇಲೆ ನುಣುಪಾದ ಕೆಂಪು ಪದರ ಬೇರೆಯಾಗಿ ಕಾಣುತ್ತದೆ. ಆ ಮೇಲಿನ ಪದರದ ದಪ್ಪವನ್ನು ಪ್ರತಿ ಹೊಸ ರಾಶಿಗೂ ಬರೆದಿಟ್ಟುಕೊಂಡರೆ ಯಾವ ರಾಶಿಗೆ ಎಷ್ಟು ಬಂಧಕ ಎಂಬ ಅಂದಾಜು ಕೆಲವೇ ವಾರಗಳಲ್ಲಿ ಕೈಗೆ ಬರುತ್ತದೆ. ಎರಡನ್ನೂ ಒಂದು ನಿಗದಿತ ಪ್ರಮಾಣದಲ್ಲಿ ಬೆರೆಸಿ ಒತ್ತುವುದು ಇನ್ನೂ ಒಳ್ಳೆಯದು: ದಪ್ಪ ಕಣಗಳ ಸಂದಿಯಲ್ಲಿ ಸಣ್ಣ ಕಣಗಳು ಕೂರುವುದರಿಂದ ಅದೇ ಒತ್ತಡಕ್ಕೆ ಬ್ರಿಕೆಟ್ ಹೆಚ್ಚು ಸಾಂದ್ರವಾಗುತ್ತದೆ.

ದಪ್ಪ ಕಣವೂ ಮಿತಿಮೀರಬಾರದು. ಗುಳಿಯ ಆಳದ ಮೂರನೇ ಒಂದು ಭಾಗಕ್ಕಿಂತ ದೊಡ್ಡ ಹರಳು ಬಂದರೆ ಬ್ರಿಕೆಟ್ ಅದರ ಸುತ್ತಲೇ ಬಿರುಕು ಬಿಡುತ್ತದೆ. ಒಡೆದ ಮುಖದಲ್ಲಿ ಬಿರುಕು ಪ್ರತಿ ಸಲವೂ ಒಂದು ಗಟ್ಟಿ ಹರಳನ್ನು ಬಳಸಿಕೊಂಡೇ ಹೋಗಿದ್ದರೆ ಜರಡಿಯ ಬಲೆ ಹರಿದಿದೆಯೇ ಎಂದು ನೋಡಬೇಕು. ಉಕ್ಕಿನ ರೋಲಿಂಗ್ ಮಿಲ್‌ನ ಸ್ಕೇಲ್ (ಬಿಸಿ ಉಕ್ಕಿನ ಮೇಲಿಂದ ಉದುರುವ ಆಕ್ಸೈಡ್ ಪದರ) ಬೆರೆಸುವವರು ಅದರಲ್ಲಿನ ಎಣ್ಣೆಯನ್ನೂ ಗಮನಿಸಬೇಕು. ಎಣ್ಣೆ ಹತ್ತಿದ ಕಣಕ್ಕೆ ಯಾವ ಬಂಧಕವೂ ಹಿಡಿಯುವುದಿಲ್ಲ.

ಜರಡಿಯಿಂದ ಇಳಿದು ಮತ್ತೆ ಮಿಕ್ಸರ್‌ಗೆ ಹೋಗುವ ಪುಡಿಯ ಬಗ್ಗೆ ಒಂದು ಮಾತು. ಅದರಲ್ಲಿ ಆಗಲೇ ಅರ್ಧ ಗಟ್ಟಿಯಾದ ಬಂಧಕವಿರುತ್ತದೆ, ಅದು ಎರಡನೇ ಸಲ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಪಾಳಿಯ ಕೊನೆಯಲ್ಲಿ ಗುಡ್ಡೆಯಾದ ಪುಡಿಯನ್ನೆಲ್ಲ ಒಮ್ಮೆಲೇ ಲೋಡರ್‌ನಿಂದ ಸುರಿದರೆ ಮುಂದಿನ ಪಾಳಿಯ ಮೊದಲ ಗಂಟೆಯ ಬ್ರಿಕೆಟ್ ಕೆಡುತ್ತದೆ, ಅದರಿಂದ ಮತ್ತಷ್ಟು ಪುಡಿ ಹುಟ್ಟುತ್ತದೆ. ದೋಷ ಪಾಳಿ ಬದಲಾಗುವ ಹೊತ್ತಿಗೇ ಕಾಣಿಸಿಕೊಳ್ಳುತ್ತಿದ್ದರೆ ಕೆಲಸಗಾರರನ್ನು ಬೈಯುವ ಮುನ್ನ ಇದನ್ನು ನೋಡುವುದು ನ್ಯಾಯ.

ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಬಿರುಕು

ಸಂಜೆ ಗಟ್ಟಿಯಾಗಿ ಕಂಡ ಬ್ರಿಕೆಟ್ ಬೆಳಿಗ್ಗೆ ಬಿರುಕು ಬಿಟ್ಟಿದ್ದರೆ ಮೊದಲ ಶಂಕೆ ಸುಣ್ಣದ ಮೇಲೆ. ಅರಳಿದ ಸುಣ್ಣವೆಂದು ಬಂದ ಚೀಲದಲ್ಲಿ ಪೂರ್ತಿ ಅರಳದ ಸುಟ್ಟ ಸುಣ್ಣ ಉಳಿದಿರುವುದು ಅಪರೂಪವಲ್ಲ. 56 ಭಾಗ ಸುಟ್ಟ ಸುಣ್ಣ 18 ಭಾಗ ನೀರನ್ನು ಹೀರಿ 74 ಭಾಗ ಅರಳಿದ ಸುಣ್ಣವಾಗುತ್ತದೆ. ಹಾಗಾಗುವಾಗ ಬಿಸಿ ಹುಟ್ಟುತ್ತದೆ, ಗಾತ್ರ ಸುಮಾರು ಎರಡರಷ್ಟಾಗುತ್ತದೆ. ಇದು ಮಿಕ್ಸರ್‌ನಲ್ಲಿ ನಡೆದರೆ ತೊಂದರೆಯಿಲ್ಲ. ಬ್ರಿಕೆಟ್ಟಿನೊಳಗೆ, ಅದು ಗಟ್ಟಿಯಾಗುತ್ತಿರುವಾಗ ನಡೆದರೆ ಒಳಗಿನಿಂದಲೇ ಸೀಳುತ್ತದೆ. ಅಂಥ ಬ್ರಿಕೆಟ್ಟನ್ನು ಒಡೆದು ನೋಡಿದರೆ ಕಡುಕೆಂಪು ಮುಖದ ಮೇಲೆ ಒಂದೆರಡು ಮಿಲಿಮೀಟರ್ ಗಾತ್ರದ ಬಿಳಿ ಗಂಟುಗಳು ಕಾಣುತ್ತವೆ, ಕೂದಲೆಳೆಯಂಥ ಬಿರುಕುಗಳು ಪ್ರತಿ ಗಂಟಿನಿಂದಲೂ ಸುತ್ತ ಹರಡಿರುತ್ತವೆ. ಸೂಜಿಯಿಂದ ಆ ಬಿಳಿ ಗಂಟನ್ನು ಕೆದಕಿದರೆ ಮೆತ್ತಗೆ ಪುಡಿಯಾಗಿ ಉದುರುತ್ತದೆ. ಇದನ್ನು ಒಮ್ಮೆ ನೋಡಿದವರು ಮತ್ತೆ ಮರೆಯುವುದಿಲ್ಲ.

ಸುಣ್ಣವನ್ನು ಎರಡು ರೀತಿಯಲ್ಲಿ ಪರೀಕ್ಷಿಸಬೇಕು, ಏಕೆಂದರೆ ಅದು ಎರಡು ವಿರುದ್ಧ ದಿಕ್ಕಿನಲ್ಲಿ ಕೆಡುತ್ತದೆ. ಸ್ಟೀಲ್ ಲೋಟದಲ್ಲಿ ತೂಗಿದ ಸುಣ್ಣಕ್ಕೆ ತೂಗಿದ ನೀರು ಬೆರೆಸಿ ಥರ್ಮಾಮೀಟರ್ ಇಟ್ಟಾಗ ಉಷ್ಣತೆ ಏರಿದರೆ ಇನ್ನೂ ಅರಳದ ಸುಣ್ಣವಿದೆ ಎಂದರ್ಥ. ಬಳಸುವ ಮೊದಲು ಅದನ್ನು ಪೂರ್ತಿ ಅರಳಿಸಿ ಜರಡಿ ಹಿಡಿಯಬೇಕು. ಅದೇ ಸುಣ್ಣದ ಇನ್ನೊಂದು ಚಿಟಿಕೆಯ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟಾಗ ನೊರೆ ಉಕ್ಕಿದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ತಗಲಿ ಸುಣ್ಣ ಮತ್ತೆ ಸುಣ್ಣಕಲ್ಲಾಗಿದೆ. ಅಂಥ ಸುಣ್ಣಕ್ಕೆ ಕಾಕಂಬಿಯ ಸಕ್ಕರೆಯೊಡನೆ ಸೇರಿ ಗಟ್ಟಿಯಾಗುವ ಶಕ್ತಿಯಿಲ್ಲ. ಬ್ರಿಕೆಟ್ ಬಿರುಕು ಬಿಡುವುದಿಲ್ಲ, ದಿನಗಳು ಕಳೆದರೂ ಮೆತ್ತಗೇ ಉಳಿಯುತ್ತದೆ. ಹಳೆಯ ಚೀಲ, ಬಾಯಿ ತೆರೆದಿಟ್ಟ ಚೀಲ, ಒದ್ದೆ ನೆಲದ ಮೇಲಿಟ್ಟ ಚೀಲ, ಇವೇ ಇದರ ತವರು.

ಕಾಕಂಬಿಯೂ ಕೆಡುತ್ತದೆ. ದಪ್ಪಗಿರುವಾಗ ಅದು ಬಹುಕಾಲ ಬಾಳುತ್ತದೆ, ಆದರೆ ಮಳೆನೀರು ಸೇರಿ ತೆಳುವಾದರೆ ಹುಳಿಯಲು ಶುರುವಾಗುತ್ತದೆ. ಟ್ಯಾಂಕಿನ ಮುಚ್ಚಳ ತೆರೆದಾಗ ಹುಳಿ ವಾಸನೆ ಬಂದು, ಮೇಲೆ ನೊರೆ ಕಂಡರೆ ಸಕ್ಕರೆ ಕಡಿಮೆಯಾಗಿದೆ. ಕರಗಿದ ಸಕ್ಕರೆಯ ಅಂಶ ತೋರಿಸುವ ಬ್ರಿಕ್ಸ್ ಮಾಪಕದಿಂದ ಅಳೆದು ಸರಬರಾಜಾದ ದಿನದ ಅಂಕಿಗೆ ಹೋಲಿಸಬೇಕು. ಸಾಮಾನ್ಯವಾಗಿ ಅದಿರಿನ ತೂಕದ ಶೇ 4ರಿಂದ 8ರಷ್ಟು ಕಾಕಂಬಿ, ಶೇ 2ರಿಂದ 4ರಷ್ಟು ಸುಣ್ಣ ಬಳಕೆಯಲ್ಲಿದೆ. ಕಾಕಂಬಿ ಹುಳಿತಿದ್ದರೆ ಪ್ರಮಾಣ ಏರಿಸಿ ಸರಿದೂಗಿಸಲು ಹೋಗಬಾರದು, ನೀರಿನಂಶವೂ ಜೊತೆಗೇ ಏರುತ್ತದೆ.

ಬೆರೆಸುವ ಕ್ರಮವೂ ಮುಖ್ಯ. ಸುಣ್ಣವನ್ನು ಮೊದಲು ಅದಿರಿನ ಜೊತೆ ಒಣದಾಗಿ ಬೆರೆಸಿ, ಅದು ಎಲ್ಲೆಡೆ ಹರಡಿದ ಮೇಲೆ ಕಾಕಂಬಿ ಸುರಿಯಬೇಕು. ಕಾಕಂಬಿ ಮೊದಲು ಬಿದ್ದರೆ ಸುಣ್ಣ ಅಲ್ಲಲ್ಲೇ ಉಂಡೆ ಕಟ್ಟುತ್ತದೆ, ಆ ಉಂಡೆಗಳೂ ಒಡೆದ ಮುಖದಲ್ಲಿ ಬಿಳಿಯಾಗಿ ಕಂಡು ಅರಳದ ಸುಣ್ಣವೆಂಬ ತಪ್ಪು ತಿಳಿವಳಿಕೆ ಹುಟ್ಟಿಸುತ್ತವೆ. ವ್ಯತ್ಯಾಸ ಹೀಗೆ ತಿಳಿಯುತ್ತದೆ: ಬೆರಕೆಯ ದೋಷದ ಉಂಡೆ ದೊಡ್ಡದು, ಕಂದು ಅಂಚಿನದು, ಅದರ ಸುತ್ತ ನಕ್ಷತ್ರದಂತೆ ಹರಡಿದ ಬಿರುಕು ಇರುವುದಿಲ್ಲ.

ಆರಿಸುವ ಅಂಗಳದಲ್ಲಿ ಋತುವಿಗೆ ತಕ್ಕ ಎಚ್ಚರ ಬೇಕು. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಹಸಿ ಬ್ರಿಕೆಟ್ ಹರಡಿದರೆ ಹೊರಪದರ ಒಣಗಿ ಕುಗ್ಗುತ್ತದೆ, ಒಳಭಾಗ ಇನ್ನೂ ಒದ್ದೆಯಾಗಿರುತ್ತದೆ. ಮೇಲ್ಮೈಯಲ್ಲಿ ಬಲೆಯಂಥ ಬಿರುಕು ಬರುವುದು ಇದರಿಂದ. ಮೊದಲ ಕೆಲವು ಗಂಟೆ ನೆರಳಿನಲ್ಲಿಟ್ಟರೆ ಸಾಕು. ಮಳೆಗಾಲದಲ್ಲಿ ಕಾಕಂಬಿ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಆರಿದ ಬ್ರಿಕೆಟ್ಟೂ ಮತ್ತೆ ಮೆತ್ತಗಾಗುತ್ತದೆ. ಮೇಲೆ ಟಾರ್ಪಾಲು ಹೊದಿಸಿ ನೆಲವನ್ನು ಹಾಗೇ ಬಿಟ್ಟರೆ ಅರ್ಧ ರಕ್ಷಣೆ ಮಾತ್ರ. ಗುಡ್ಡೆಯ ತಳದ ಬ್ರಿಕೆಟ್ ಮಾತ್ರ ಚಪ್ಪಟೆಯಾಗಿ, ಮೇಲಿನವು ಸರಿಯಾಗಿದ್ದರೆ ಗುಡ್ಡೆ ಎತ್ತರವಾಯಿತು ಎಂದಷ್ಟೇ ಅರ್ಥ.

ಸಿಮೆಂಟ್ ಬಳಸುವವರಿಗೆ ಈ ಕ್ರಮ ತಿರುವುಮುರುವು: ಅದಕ್ಕೆ ಗಟ್ಟಿಯಾಗಲು ತೇವ ಬೇಕು, ಬಿಸಿಲಿನಿಂದ ರಕ್ಷಿಸಿ ನೀರು ಚಿಮುಕಿಸುತ್ತಿರಬೇಕು. ಕಾಕಂಬಿ ಮಿಶ್ರಣ ಮೆತ್ತಗಿದೆ ಎಂದು ಅದಕ್ಕೇ ಒಂದಷ್ಟು ಸಿಮೆಂಟ್ ಸೇರಿಸುವ ಪದ್ಧತಿ ಕೆಲವೆಡೆ ಇದೆ. ಇದು ಕೂಡದು. ಸಕ್ಕರೆ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಸಿಮೆಂಟ್ ಬಿಗಿಯುವುದನ್ನು ತೀವ್ರವಾಗಿ ತಡೆಯುತ್ತದೆ. ಕಾಕಂಬಿ ನಡೆಸಿದ ಮಿಕ್ಸರನ್ನು ತೊಳೆಯದೆ ಸಿಮೆಂಟ್ ಮಿಶ್ರಣ ಹಾಕಿದರೂ ಮೊದಲ ಕೆಲವು ಬ್ಯಾಚುಗಳು ಬಿಗಿಯದೆ ಹೋಗಬಹುದು.

ಅಂಗಳದಲ್ಲಿ ಗಟ್ಟಿ, ಕುಲುಮೆಯಲ್ಲಿ ಪುಡಿ

ಎಲ್ಲಕ್ಕಿಂತ ಹೆಚ್ಚು ನಷ್ಟ ತರುವ, ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ಗ್ರಹಿಸಲಾಗುವ ದೋಷ ಇದು. ಕಾಕಂಬಿಯಿಂದ ಬಂದ ಬಿಗಿ ಸಾವಯವ ವಸ್ತುವಿನದು; 300ರಿಂದ 500 ಡಿಗ್ರಿಯೊಳಗೆ ಅದು ಸುಟ್ಟು ಅಥವಾ ಕರಕಾಗಿ ತನ್ನ ಬಲ ಕಳೆದುಕೊಳ್ಳುತ್ತದೆ. ಅದಿರಿನ ಕಣಗಳು ಅಪಕರ್ಷಣೆಗೊಂಡು (ಆಮ್ಲಜನಕ ಕಳೆದುಕೊಂಡು) ಲೋಹದ ಕಬ್ಬಿಣವಾಗಿ ಒಂದಕ್ಕೊಂದು ಬೆಸೆದುಕೊಳ್ಳುವುದು ಇನ್ನೂ ಹೆಚ್ಚಿನ ಉಷ್ಣತೆಯಲ್ಲಿ. ಈ ಎರಡರ ನಡುವಿನ ವಲಯದಲ್ಲಿ ಬ್ರಿಕೆಟ್ಟನ್ನು ಹಿಡಿದಿಡುವವರು ಯಾರೂ ಇಲ್ಲ. ಅದೇ ವಲಯದಲ್ಲಿ ಹೆಮಟೈಟ್ ಕಡಿಮೆ ಆಮ್ಲಜನಕವಿರುವ ಮ್ಯಾಗ್ನೆಟೈಟ್ ಆಗಿ ಮಾರ್ಪಡುವಾಗ ಹರಳಿನ ರಚನೆ ಬದಲಾಗಿ ಕಣಗಳು ಹಿಗ್ಗಿ ಬಿರುಕು ಬಿಡುತ್ತವೆ. ಅಂಗಳದ ಬೀಳಿಸುವ ಪರೀಕ್ಷೆಯಲ್ಲಿ ಶೇ 95 ಉಳಿದ ಬ್ರಿಕೆಟ್ಟೂ ಇಲ್ಲಿ ಪುಡಿಯಾಗಬಹುದು. ತಣ್ಣನೆಯ ಬಲಕ್ಕೂ ಬಿಸಿಯ ಬಲಕ್ಕೂ ನೇರ ಸಂಬಂಧವಿಲ್ಲ.

ಮಫಲ್ ಫರ್ನೇಸ್ (ಪ್ರಯೋಗಾಲಯದ ಸಣ್ಣ ಮುಚ್ಚಿದ ಕುಲುಮೆ) ಒಂದಿದ್ದರೆ ಮೂರು ಪರೀಕ್ಷೆಗಳಲ್ಲಿ ಕಾರಣ ಬೇರ್ಪಡಿಸಬಹುದು. ಮೊದಲನೆಯದರಲ್ಲಿ ಕೆಲವು ಬ್ರಿಕೆಟ್ಟುಗಳನ್ನು ನೇರವಾಗಿ 700 ಡಿಗ್ರಿಯ ಫರ್ನೇಸಿಗೆ ಹಾಕಬೇಕು, ಇನ್ನು ಕೆಲವನ್ನು ತಣ್ಣನೆಯ ಫರ್ನೇಸಿನಲ್ಲಿಟ್ಟು ನಿಧಾನವಾಗಿ ಅಷ್ಟೇ ಉಷ್ಣತೆಗೆ ಏರಿಸಬೇಕು. ನೇರವಾಗಿ ಹಾಕಿದವು ಪಟಪಟನೆ ಸಿಡಿದು, ನಿಧಾನವಾಗಿ ಕಾದವು ಉಳಿದರೆ ಕಾರಣ ಆವಿ. ಇಲ್ಲಿ ತೇವಾಂಶವಷ್ಟೇ ಅಲ್ಲ, ಗೋಥೈಟಿನೊಳಗೆ ಬಂಧಿಯಾಗಿರುವ ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಶುದ್ಧ ಗೋಥೈಟಿನ ತೂಕದಲ್ಲಿ ಸುಮಾರು ಶೇ 10 ಇಂಥ ನೀರು. ಅದು 105 ಡಿಗ್ರಿಯ ಓವನ್‌ಗೆ ಜಗ್ಗದೆ 250 ಡಿಗ್ರಿ ದಾಟಿದ ಮೇಲೆ ಹೊರಡುತ್ತದೆ. ತೇವಾಂಶ ಕಡಿಮೆ, ಕಾಯಿಸಿದಾಗಿನ ತೂಕನಷ್ಟ ಮಾತ್ರ ಹೆಚ್ಚು ಎಂದು ಪ್ರಯೋಗಾಲಯ ಹೇಳಿದರೆ ಗೋಥೈಟ್ ಪಾಲನ್ನು ತಗ್ಗಿಸಬೇಕು, ಇಲ್ಲವೇ ಕುಲುಮೆಯ ಬಾಯಲ್ಲಿ ಬಿಸಿ ಏರುವ ವೇಗ ತಗ್ಗಿಸಬೇಕು.

ಎರಡೂ ಗುಂಪು ಆಕಾರ ಉಳಿಸಿಕೊಂಡರೆ ಎರಡನೆಯ ಪರೀಕ್ಷೆಗೆ ಹೋಗಬೇಕು. ಆರಿದ ಮೇಲೆ ಅವನ್ನು ಬೆರಳಿನಿಂದ ಹಿಸುಕಿದಾಗ ಕುಸಿದರೆ ಬಂಧಕ ಸುಟ್ಟುಹೋಗಿ ಅದರ ಜಾಗಕ್ಕೆ ಬೇರೇನೂ ಬಂದಿಲ್ಲ. ಇಲ್ಲಿ ಕಾಕಂಬಿ ಹೆಚ್ಚಿಸುವುದು ವ್ಯರ್ಥ. ಕಾಕಂಬಿಯಲ್ಲಿರುವ ಪೊಟ್ಯಾಷಿಯಂ ಊದುಕುಲುಮೆಗೆ ಬೇಡದ ಕ್ಷಾರವಾದ್ದರಿಂದ ಹಾನಿಯೂ ಹೌದು. ಬಿಸಿಯಲ್ಲೂ ಉಳಿಯುವ ಬೆಂಟೋನೈಟ್ ಅಥವಾ ಸೋಡಿಯಂ ಸಿಲಿಕೇಟನ್ನು ಸಣ್ಣ ಪ್ರಮಾಣದಲ್ಲಿ ಪ್ರಯೋಗಿಸಿ ನೋಡಬಹುದು, ಆದರೆ ಇವು ಸಿಲಿಕಾ ತರುತ್ತವೆ, ಸೋಡಿಯಂ ಸಿಲಿಕೇಟ್ ತಾನೂ ಕ್ಷಾರ ಸೇರಿಸುತ್ತದೆ. ಸಿಮೆಂಟಿಗೆ ಪೂರ್ತಿ ಬದಲಾಯಿಸುವವರು ಅದಕ್ಕೂ ಇಂಥದೇ ದುರ್ಬಲ ವಲಯವಿದೆ ಎಂಬುದನ್ನು ತಿಳಿದಿರಬೇಕು: ಅದರೊಳಗಿನ ಸುಣ್ಣದ ಅಂಶ 400 ಡಿಗ್ರಿ ದಾಟಿದ ಮೇಲೆ ನೀರು ಬಿಟ್ಟು ಒಡೆಯತೊಡಗುತ್ತದೆ, ಮೇಲಾಗಿ ಸಿಮೆಂಟ್ ಎಷ್ಟು ಹಾಕಿದರೆ ಅಷ್ಟು ಕಿಟ್ಟ ಹೆಚ್ಚುತ್ತದೆ.

ಮೂರನೆಯ ಪರೀಕ್ಷೆಯಲ್ಲಿ ಬ್ರಿಕೆಟ್ಟುಗಳನ್ನು ಮುಚ್ಚಳವಿರುವ ಪಾತ್ರೆಯಲ್ಲಿ ಕಲ್ಲಿದ್ದಲಿನ ಪುಡಿಯ ನಡುವೆ ಹೂತು ಕಾಯಿಸಬೇಕು. ಇಂಗಾಲದ ಮಾನಾಕ್ಸೈಡ್ ಹುಟ್ಟುವುದರಿಂದ ಇದನ್ನು ಗಾಳಿಯಾಡುವ ಜಾಗದಲ್ಲಷ್ಟೇ ಮಾಡಬೇಕು. ಬರೀ ಗಾಳಿಯಲ್ಲಿ ಕಾದಾಗ ಗಟ್ಟಿಯಾಗಿದ್ದ ಬ್ರಿಕೆಟ್ ಕಲ್ಲಿದ್ದಲಿನ ನಡುವೆ ಕುಸಿದರೆ ಅಪಕರ್ಷಣೆಯ ಕಾಲದ ಹಿಗ್ಗುವಿಕೆಯೇ ಕಾರಣ. ಇದನ್ನು ಅಂಕಿಯಲ್ಲಿ ಬೇಕೆನ್ನುವವರು ಐಎಸ್‌ಒ 4696ರ ಪರೀಕ್ಷೆಯನ್ನು ಹೊರಗಿನ ಪ್ರಯೋಗಾಲಯದಲ್ಲಿ ಮಾಡಿಸಬಹುದು. ಅದು 500ರಿಂದ 550 ಡಿಗ್ರಿಯಲ್ಲಿ ಅಪಕರ್ಷಕ ಅನಿಲ ಹಾಯಿಸಿ ಅದಿರು ಎಷ್ಟು ಪುಡಿಯಾಗುತ್ತದೆ ಎಂದು ಅಳೆಯುತ್ತದೆ. ಇಂಥ ಸಂದರ್ಭದಲ್ಲಿ ಮ್ಯಾಗ್ನೆಟೈಟ್ ಅಂಶವಿರುವ ಪುಡಿಯನ್ನೋ ಮಿಲ್ ಸ್ಕೇಲನ್ನೋ ಸೇರಿಸಿ ಹೆಮಟೈಟಿನ ಪಾಲು ತಗ್ಗಿಸುವುದು ಒಂದು ಉಪಾಯ. ಆಗಲೇ ಭಾಗಶಃ ಅಪಕರ್ಷಣೆಗೊಂಡ ಕಣಗಳಲ್ಲಿ ಈ ಮಾರ್ಪಾಡಿನ ಹಿಗ್ಗುವಿಕೆ ಅಷ್ಟಿರುವುದಿಲ್ಲ.

ಮೂರೂ ಪರೀಕ್ಷೆಗಳಲ್ಲಿ ಬ್ರಿಕೆಟ್ ಉತ್ತೀರ್ಣವಾಗಿ, ಕುಲುಮೆಯ ಧೂಳು ಮಾತ್ರ ಇಳಿಯದಿದ್ದರೆ ಬ್ರಿಕೆಟ್ ಘಟಕವನ್ನು ಬಿಟ್ಟು ಕುಲುಮೆಯ ಕಡೆಯ ಜರಡಿಯನ್ನು ನೋಡಬೇಕು. ಲಾರಿ, ಬಂಕರ್, ಕನ್ವೇಯರ್ ಬದಲಾಗುವ ಪ್ರತಿ ಜಾಗದಲ್ಲೂ ಬ್ರಿಕೆಟ್ ಬೀಳುತ್ತದೆ; ಆ ಬೀಳುಗಳೆಲ್ಲ ಸೇರಿದರೆ ಎರಡು ಮೀಟರಿನ ಪರೀಕ್ಷೆಗಿಂತ ಎಷ್ಟೋ ಹೆಚ್ಚಾಗಿರುತ್ತವೆ. ಬಂಕರಿನಿಂದ ಕುಲುಮೆಗೆ ಹೋಗುವ ಕೊನೆಯ ಜಾಗದಲ್ಲಿ ಜರಡಿ ಇಲ್ಲದಿದ್ದರೆ, ಅಥವಾ ಇದ್ದರೂ ಅದರ ಕಣ್ಣುಗಳು ಮಳೆಗಾಲದ ಕೆಸರಿನಿಂದ ಮುಚ್ಚಿಹೋಗಿದ್ದರೆ, ದಾರಿಯಲ್ಲಿ ಹುಟ್ಟಿದ ಪುಡಿಯೆಲ್ಲ ನೇರವಾಗಿ ಒಳಗೆ ಹೋಗುತ್ತದೆ. ಅಲ್ಲಿ ಜರಡಿಯ ಮುಂದೊಂದು, ಹಿಂದೊಂದು ಮಾದರಿ ತೆಗೆದು 5 ಮಿಲಿಮೀಟರಿಗಿಂತ ಸಣ್ಣ ಪುಡಿಯನ್ನು ತೂಗಿದರೆ ದೂರು ಬ್ರಿಕೆಟ್ಟಿನದೋ ಸಾಗಣೆಯದೋ ಎಂಬುದು ಅದೇ ದಿನ ಇತ್ಯರ್ಥವಾಗುತ್ತದೆ.